ಅಕ್ಕಯಮ್ಮನಿಗೆ ಬಾರದ ಬಹುಮಾನ

ಅಕ್ಕಯಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಯಡಿಯೂರಿನಲ್ಲಿ ಹೇಳದವರಿಲ್ಲ. ಹಾಗೆ ಹೇಳಿ ಸುಮ್ಮನಾಗುವುದು ಸುಲಭ. ಹೆಂಗಸಿನ ಸಿಟ್ಟಿಗೆ ಕಾರಣ ಹುಡುಕುವ ಅಭ್ಯಾಸ ನಮ್ಮ ಊರುಗಳಲ್ಲಿ ಇಲ್ಲ. ಅದನ್ನು ಹುಟ್ಟುಗುಣ ಅಂದುಬಿಟ್ಟರೆ ಗಂಡಸರಿಗೆ ಉಂಡ ಅನ್ನ ಚೆನ್ನಾಗಿ ಅರಗುತ್ತದೆ.

ಕಾರಣ ನಾನು ಹೇಳುತ್ತೇನೆ. ಸಾವಿರದ ಒಂಬೈನೂರ ಅರವತ್ತನೆಯ ಇಸವಿಯಲ್ಲಿ, ಬೆಂಗಳೂರಿನ ದಕ್ಷಿಣದ ಹಳ್ಳಿಗಳಲ್ಲಿ ಉತ್ತಮ ಯುವ ರೈತ ಯಾರು ಎಂದು ಹುಡುಕಿ ಒಂದು ಬಹುಮಾನ ಕೊಟ್ಟರು. ಬೆಳೆದವಳು, ಮಾರಿದವಳು, ಏಳೆಂಟು ಮನೆಯ ತೋಟಗಳನ್ನು ಒಂದು ದಾರಿಗೆ ತಂದವಳು ಅಕ್ಕಯಮ್ಮ. ಶಾಲು ಹೊದ್ದುಕೊಂಡವನು ಅವಳ ಮೈದುನ ರಾಮಯ್ಯ. ಬರೀ ಶಾಲಿನ ಮಾತಾಗಿದ್ದರೆ ಹಾಳಾಗಿ ಹೋಗಲಿ ಎಂದು ಅವಳು ಬಿಟ್ಟುಬಿಡುತ್ತಿದ್ದಳು. ಆದರೆ ಶಾಲು ಯಾರ ಹೆಗಲಿಗೋ, ಹೊಸದಾಗಿ ಹುಟ್ಟುವ ಬೆಳೆಗಾರರ ಸಂಘದ ಯಜಮಾನಿಕೆಯೂ ಅವರಿಗೇ ಎಂದು ಮಾತಾಗಿತ್ತು. ಅವಳು ಕಟ್ಟಿದ್ದನ್ನೆಲ್ಲ ಕೆಡವುವ ಅಧಿಕಾರ ಆ ಒಂದು ತುಂಡು ಬಟ್ಟೆಯ ಜೊತೆ ರಾಮಯ್ಯನಿಗೆ ಸಿಕ್ಕಿತು.

ಅಕ್ಕಯಮ್ಮ ಸಾರಕ್ಕಿಯ ಹೆಣ್ಣು. ಮದುವೆಯಾಗಿ ಯಡಿಯೂರಿಗೆ ಬಂದಾಗ ಅವಳಿಗೆ ಹದಿನೇಳು ತುಂಬಿರಲಿಲ್ಲ. ಗಂಡ ಚಿಕ್ಕಬೈರಪ್ಪ ಸಾಧು ಮನುಷ್ಯ. ಬೆಳಗಾದರೆ ಕಪಿಲೆ ಬಾವಿಯ ಮೇಲೆ ಎತ್ತು ಹೂಡಿಕೊಂಡು ಹಿಂದಕ್ಕೂ ಮುಂದಕ್ಕೂ ನಡೆಸುತ್ತ ನೀರೆತ್ತುವುದೇ ಅವನ ಲೋಕ. ಎತ್ತುಗಳ ಜೊತೆ ಆಡಿದಷ್ಟು ಮಾತನ್ನು ಅವನು ಮನುಷ್ಯರ ಜೊತೆ ಆಡಿದ್ದನ್ನು ಯಾರೂ ಕೇಳಿಲ್ಲ. ಮನೆಗೆ ಯಜಮಾನ ಮಾವ ತಿಮ್ಮರಾಯಪ್ಪ. ಅತ್ತೆ ತೀರಿಕೊಂಡು ಬಹಳ ಕಾಲವಾಗಿತ್ತು. ಕಿರಿಯ ಮಗ ರಾಮಯ್ಯ ಮಣ್ಣು ಮುಟ್ಟುವವನಲ್ಲ. ಕ್ರಾಪು ಬಿಟ್ಟು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮನೆಯದರ ಜೊತೆ ಅಕ್ಕಪಕ್ಕದ ತೋಟಗಳ ಸೊಪ್ಪು ತರಕಾರಿಯನ್ನೂ ತುಂಬಿದ ಗಾಡಿಯನ್ನು ಪೇಟೆಯ ಮಂಡಿಗೆ ಹೊಡೆದುಕೊಂಡು ಹೋಗಿ ಮಾರಿಕೊಂಡು ಬರುವುದು ಅವನ ಕೆಲಸ.

ಆ ಕಾಲದ ಮಂಡಿಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಸಾಹುಕಾರನೂ ರೈತನೂ ಕೈ ಚಾಚುತ್ತಿದ್ದರು, ಮೇಲೆ ಒಂದು ಟವೆಲ್ಲು ಹೊದಿಸುತ್ತಿದ್ದರು, ಅದರ ಅಡಿಯಲ್ಲಿ ಬೆರಳು ಹಿಡಿದು ಚೌಕಾಸಿ ನಡೆಯುತ್ತಿತ್ತು. ನೂರು ಕಟ್ಟು ಸೊಪ್ಪಿಗೆ ಎಷ್ಟು ಬೆರಳು ಹಿಡಿದರೆ ಅಷ್ಟು ರೂಪಾಯಿ. ಪಕ್ಕದಲ್ಲೇ ನಿಂತವನಿಗೂ ಎಷ್ಟಕ್ಕೆ ಕುದುರಿತು ಎಂದು ತಿಳಿಯುತ್ತಿರಲಿಲ್ಲ. ತಾತ ಮುತ್ತಾತಂದಿರ ಕಾಲದಿಂದ ಬಂದದ್ದು, ಗಂಡಸರ ಮರ್ಯಾದೆಯ ವ್ಯವಹಾರ, ಅದರಲ್ಲಿ ತಪ್ಪು ಹುಡುಕುವ ಯೋಚನೆಯೇ ಯಾರಿಗೂ ಬಂದಿರಲಿಲ್ಲ. ಮನೆಯಲ್ಲಿ ಕೂತವರಿಗೆ ರಾಮಯ್ಯ ಬಂದು ಹೇಳಿದ್ದೇ ಬೆಲೆ.

ಒಂದು ದಿನ ರಾಮಯ್ಯನಿಗೆ ಜ್ವರ ಬಂತು. ಕೆರೆಯ ಕೆಳಗಿನ ಪಾತಿಗಳಲ್ಲಿ ಕೊತ್ತಂಬರಿ ಕಿತ್ತು ಕಟ್ಟು ಕಟ್ಟಿ ಆಗಿತ್ತು. ಇನ್ನೊಂದು ದಿನ ಇಟ್ಟರೆ ಹಳದಿಗೆ ತಿರುಗುತ್ತದೆ. ಚಿಕ್ಕಬೈರಪ್ಪ ಕಪಿಲೆ ಬಿಟ್ಟು ಬರುವಂತಿಲ್ಲ. ನಾನೇ ಹೋಗುತ್ತೇನೆ ಎಂದು ಅಕ್ಕಯಮ್ಮ ಸೆರಗು ಸಿಕ್ಕಿಸಿ ಗಾಡಿ ಹತ್ತಿದಳು. ಮಂಡಿಯಲ್ಲಿ ಸಾಹುಕಾರ ಅಭ್ಯಾಸಬಲದಿಂದ ಟವೆಲ್ಲು ಹಾಸಿ ಕೈ ಚಾಚಿದ. ಎದುರಿಗೆ ಬಂದ ಕೈಯಲ್ಲಿ ಬಳೆ ಕಂಡದ್ದೇ ಬೆಂಕಿ ಮುಟ್ಟಿದವನಂತೆ ಎಳೆದುಕೊಂಡ.

"ಮನೇಲಿ ಗಂಡಸ್ರಿಲ್ವಾ? ಅವ್ರನ್ನ ಕಳ್ಸಮ್ಮ. ನಿನ್ ಕೈ ಹಿಡ್ಕೊಂಡು ಯಾಪಾರ ಮಾಡಕ್ಕಾಯ್ತದಾ?"

ಸುತ್ತ ನಿಂತವರು ಹಲ್ಲು ಕಿಸಿದರು. ಬಾಯಲ್ಲೇ ಹೇಳಿ, ಕೇಳಿಸಿಕೊಳ್ಳುತ್ತೇನೆ ಎಂದಳು ಅವಳು. ಮಂಡಿ ಹುಟ್ಟಿದಾಗಿನಿಂದ ಬಾಯಲ್ಲಿ ಹೇಳಿದ ಪದ್ಧತಿ ಇಲ್ಲ ಎಂದು ಅವನು ಮುಖ ತಿರುಗಿಸಿದ. ಅಕ್ಕಯಮ್ಮನ ಮೈಯೆಲ್ಲ ಉರಿದುಹೋಯಿತು. ಗಾಡಿ ತಿರುಗಿಸಿದವಳು ಊರಿಗೆ ಬರುವ ಬದಲು ಜಯನಗರದ ಕಡೆಗೆ ಹೊಡೆದಳು.

ಜಯನಗರ ಆಗಿನ್ನೂ ಅರ್ಧ ಕಲ್ಲು, ಅರ್ಧ ಮನೆ. ಸೈಟುಗಳಿಗೆ ಕಲ್ಲು ನೆಟ್ಟಿದ್ದರು, ರಸ್ತೆಗಳು ಕೆಂಪು ಧೂಳು. ಬಸವನಗುಡಿಯಿಂದ, ಮಲ್ಲೇಶ್ವರದಿಂದ ಆಫೀಸಿನವರು ಬಂದು ಹೊಸ ಮನೆ ಕಟ್ಟಿಕೊಂಡಿದ್ದರು. ಆ ಮನೆಗಳ ಹೆಂಗಸರಿಗೆ ಒಂದು ಕಟ್ಟು ಕೊತ್ತಂಬರಿ ಬೇಕಾದರೂ ಗಾಂಧಿಬಜಾರಿನವರೆಗೆ ನಡೆಯಬೇಕಿತ್ತು. ಅಕ್ಕಯಮ್ಮ ಒಂದು ಹೊಂಗೆಮರದ ಕೆಳಗೆ ಗಾಡಿ ನಿಲ್ಲಿಸಿ, ಕಟ್ಟಿಗೆ ಇಷ್ಟು ಎಂದು ಕೂಗಿದಳು. ಮಧ್ಯಾಹ್ನದೊಳಗೆ ಗಾಡಿ ಬರಿದಾಯಿತು. ಕೈಗೆ ಬಂದದ್ದು ಅಷ್ಟೇ ಸೊಪ್ಪಿಗೆ ರಾಮಯ್ಯ ತರುತ್ತಿದ್ದುದರ ಎರಡರಷ್ಟಕ್ಕೂ ಹೆಚ್ಚು. ಮಂಡಿಯವರು ಎಂಥ ಕಳ್ಳರು ಎಂದು ಅವಳು ಅಂದುಕೊಂಡಳು. ಮೈದುನನ ಮೇಲೆ ಆಗ ಅನುಮಾನ ಬರಲಿಲ್ಲ.

ಅವತ್ತಿನಿಂದ ಅವಳು ಹೊಂಗೆಮರ ಬಿಡಲಿಲ್ಲ. ಆದರೆ ಒಂದು ತೋಟದ ಸೊಪ್ಪು ಎಷ್ಟು ದಿನ ಬಂದೀತು? ಅಕ್ಕಪಕ್ಕದ ತೋಟದ ಹೆಂಗಸರನ್ನು ಕರೆದಳು. ಅಲ್ಲಿ ಎದುರಾದದ್ದು ಇನ್ನೊಂದು ತಾಪತ್ರಯ. ಯಡಿಯೂರಿನಲ್ಲಿ ಬಿತ್ತನೆ ಎಂದರೆ ಊರಿಗೆಲ್ಲ ಒಂದೇ ದಿನ. ಬಸವಣ್ಣನ ಗುಡಿಯ ಪೂಜಾರಿ ದಿನ ನೋಡಿ ಹೇಳಿದರೆ ಅವತ್ತು ಎಲ್ಲ ಮನೆಯವರೂ ಬಿತ್ತಬೇಕು. ತಪ್ಪಿಸಿ ಬಿತ್ತಿದರೆ ಬಸವಣ್ಣನಿಗೆ ಅಪಚಾರ. ಹಾಗಾಗಿ ಕೊತ್ತಂಬರಿ ಬಂದರೆ ಊರಿಗೆ ಊರೇ ಕೊತ್ತಂಬರಿ, ಅದು ಮುಗಿದರೆ ಎಲ್ಲರ ಪಾತಿಯೂ ಬೋಳು. ಬಂದಾಗ ಕೇಳುವವರಿಲ್ಲ, ಕೇಳಿದಾಗ ಬಂದಿರುವುದಿಲ್ಲ.

ಸರದಿ ಬಿತ್ತನೆ ಮಾಡೋಣ ಎಂದಳು ಅಕ್ಕಯಮ್ಮ. ಈ ವಾರ ನೀನು, ಮುಂದಿನ ವಾರ ಅವಳು, ಆಮೇಲೆ ಇವಳು. ಒಬ್ಬಳು ಮೆಂತ್ಯ ಹಾಕಿದರೆ ಇನ್ನೊಬ್ಬಳು ದಂಟು. ಹೀಗೆ ಹೇಳಿದ್ದಕ್ಕೆ ಅವಳು ತಿಂದ ಬೈಗುಳ ಒಂದು ಗಾಡಿ ತುಂಬುತ್ತದೆ. ದೇವರ ಕೋಪಕ್ಕೆ ಗುರಿಯಾಗುತ್ತೀಯ ಎಂದರು, ಸಾರಕ್ಕಿಯವಳು ಊರು ಕೆಡಿಸಲು ಬಂದಿದ್ದಾಳೆ ಎಂದರು. ಅವಳೂ ಬಿಡಲಿಲ್ಲ, ಒಂದಕ್ಕೆ ಎರಡು ತಿರುಗಿಸಿ ಬೈದಳು. ಪಕ್ಕದ ತೋಟದ ಲಕ್ಷ್ಮಿದೇವಮ್ಮ, ಗಂಡನಿಗೆ ಗೊತ್ತಿಲ್ಲದ ಹಾಗೆ ಎರಡು ಪಾತಿಯಲ್ಲಿ ಸರದಿಯ ಪ್ರಕಾರ ಬಿತ್ತಿದವಳು ಮೊದಲನೆಯವಳು. ಆ ಎರಡು ಪಾತಿಯ ಸೊಪ್ಪು ಮರದಡಿಯಲ್ಲಿ ಹೂವಿನ ಹಾಗೆ ಮಾರಾಟವಾಯಿತು. ಆಮೇಲೆ ಉಳಿದವರು ಬಂದರು. ಮೂರು ವರ್ಷಕ್ಕೆ ಹೊಂಗೆಮರದ ಕೆಳಗೆ ಸೊಪ್ಪಿಲ್ಲದ ದಿನವೇ ಇಲ್ಲವೆಂದಾಯಿತು. ಯಾರು ಯಾವಾಗ ಏನು ಬಿತ್ತಬೇಕು ಎಂದು ಹೇಳುವ ಬಾಯಿ ಒಂದೇ, ಅದು ಅಕ್ಕಯಮ್ಮನದು. ರಾಮಯ್ಯನ ಗಾಡಿ ಮಂಡಿಗೆ ಹೋಗುವುದು ತಾನಾಗಿ ಕಡಿಮೆಯಾಯಿತು. ಅವನು ಹೋಟೆಲಿನಲ್ಲಿ ಕೂತು ದೋಸೆ ತಿನ್ನುತ್ತ, ನಮ್ಮ ಅತ್ತಿಗೆ ಬೀದಿ ವ್ಯಾಪಾರಕ್ಕೆ ಇಳಿದಿದ್ದಾಳೆ ಎಂದು ನಗುತ್ತಿದ್ದ.

ಮರದಡಿಗೆ ಬರುತ್ತಿದ್ದ ಹೆಂಗಸರಲ್ಲಿ ಮೀನಾಕ್ಷಮ್ಮ ಎಂಬಾಕೆ ಒಬ್ಬರು. ಅವರ ಗಂಡ ಗಂಗಾಧರಯ್ಯ ಸರ್ಕಾರಿ ಕೆಲಸದಿಂದ ನಿವೃತ್ತರಾಗಿ, ನಾಲ್ಕಾರು ದೊಡ್ಡ ಮನುಷ್ಯರನ್ನು ಸೇರಿಸಿ ತೋಟಗಾರರ ಉತ್ತೇಜಕ ಸಮಿತಿ ಎಂದು ಒಂದು ಮಾಡಿಕೊಂಡಿದ್ದರು. ಮೂವತ್ತರ ಒಳಗಿನ ರೈತರಲ್ಲಿ ಬೆಳೆಯಲ್ಲೂ ವ್ಯಾಪಾರದಲ್ಲೂ ಮುಂದೆ ಬಂದು, ನಾಲ್ಕು ಜನರನ್ನು ಜೊತೆಗೆ ಕರೆದೊಯ್ದವರಿಗೆ ಶಾಲು, ಬೆಳ್ಳಿ ಪದಕ ಕೊಡುವುದು, ಅವರ ಮುಂದಾಳುತನದಲ್ಲೇ ಸಂಘ ಕಟ್ಟುವುದು ಎಂದು ಸಮಿತಿ ತೀರ್ಮಾನಿಸಿತು. ಗಂಗಾಧರಯ್ಯನವರು ಕರೀ ಕೋಟು, ಕಚ್ಚೆಪಂಚೆ, ಕೈಯಲ್ಲಿ ಕೊಡೆ ಹಿಡಿದು ಒಂದು ಬೆಳಿಗ್ಗೆ ತಿಮ್ಮರಾಯಪ್ಪನ ಮನೆಯ ಜಗಲಿಗೆ ಬಂದು ಕೂತರು.

ಮಾವ ಜಗಲಿಯಲ್ಲಿ ಕೂತಿರುವಾಗ ಸೊಸೆ ಹೊರಗೆ ಬಂದು ನಿಲ್ಲುವಂತಿಲ್ಲ. ಅಕ್ಕಯಮ್ಮ ಬಾಗಿಲ ಹಿಂದೆ ನಿಂತಿದ್ದಳು. ಜಯನಗರದ ಬೀದಿಯಲ್ಲಿ ಗಂಟಲು ಬಿಟ್ಟು ಕೂಗುವವಳು ತನ್ನ ಮನೆಯ ಹೊಸಿಲಲ್ಲಿ ಸೆರಗು ಹೊದ್ದು ನಿಲ್ಲಬೇಕು. ಬೀದಿಯ ಮರ್ಯಾದೆ ಬೇರೆ, ಮನೆಯ ಮರ್ಯಾದೆ ಬೇರೆ. ಅದು ಅವಳಿಗೆ ವಿಚಿತ್ರ ಅಂತಲೂ ಆಗ ಅನ್ನಿಸುತ್ತಿರಲಿಲ್ಲ.

"ಈ ಸರದಿ ಬಿತ್ತನೆ, ಮರದಡಿ ಮಾರಾಟ, ಇದನ್ನೆಲ್ಲ ನಡೆಸ್ತಾ ಇರೋರು ಯಾರು ಯಜಮಾನ್ರೆ?" ಎಂದು ಕೇಳಿದರು ಗಂಗಾಧರಯ್ಯ.

"ನಮ್ ಕಿರೀ ಮಗ ಸ್ವಾಮಿ, ರಾಮಯ್ಯ. ಎಲ್ಲಾ ಅವ್ನ್ದೇ" ಎಂದ ತಿಮ್ಮರಾಯಪ್ಪ. ಎಲೆಗೆ ಸುಣ್ಣ ಸವರುತ್ತಲೇ ಹೇಳಿದ.

ಗಂಗಾಧರಯ್ಯ ಬಾಗಿಲ ಕಡೆ ತಿರುಗಿದರು. "ಹೌದೇನಮ್ಮ?"

"ಹೂಂ" ಎಂದಳು ಅಕ್ಕಯಮ್ಮ.

ಯಾಕೆ ಅಂದಳು ಎಂದು ಪಟ್ಟಣದವರು ಕೇಳಬಹುದು. ನಮ್ಮ ಕಡೆಯವರಾರೂ ಕೇಳುವುದಿಲ್ಲ. ಹೊರಗಿನವರ ಮುಂದೆ ಮನೆಯ ಹಿರಿಯರ ಮಾತನ್ನು ಕತ್ತರಿಸಬಾರದು ಎಂದು ಅವಳಿಗೆ ತಾಯಿ ಹಾಲಿನ ಜೊತೆ ಕುಡಿಸಿದ್ದಳು. ಬಂದವರು ಎದ್ದು ಹೋಗಲಿ, ಒಳಗೆ ನಾವು ನಾವು ಮಾತಾಡಿ ಸರಿಮಾಡಿಕೊಳ್ಳೋಣ ಎಂದುಕೊಂಡಳು. ಮನೆಯ ಮಾತು ಮನೆಯಲ್ಲೇ ಸರಿಹೋಗುತ್ತದೆ ಎಂಬ ನಂಬಿಕೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಆ ಗಾದೆ ನೆನಪಾಗುವಷ್ಟರಲ್ಲಿ ಗಂಗಾಧರಯ್ಯನವರ ಕೊಡೆ ಕೆರೆ ಏರಿ ದಾಟಿ ಮರೆಯಾಗಿತ್ತು.

ಅವರು ಹೋದದ್ದೇ ಅವಳು ಹೊರಗೆ ಬಂದು, ಇದೇನು ಮಾವ ಹೀಗೆ ಹೇಳಿಬಿಟ್ಟಿರಿ ಎಂದು ಕೇಳಿದಳು. ಕೇಳುವಾಗ ಇನ್ನೂ ಸಿಟ್ಟಿರಲಿಲ್ಲ, ದಿಗಿಲಿತ್ತು. ತಿಮ್ಮರಾಯಪ್ಪ ಅವಳ ಮುಖ ನೋಡದೆ ಎಲೆ ಮಡಚಿ ಬಾಯಿಗಿಟ್ಟುಕೊಂಡ.

"ಹೆಣ್ಣೆಂಗ್ಸಿನ ಹೆಸ್ರು ಕೂಗಿ ಸಭೇಲಿ ಶಾಲು ಹಾಕಿದ್ರೆ, ಆ ಮನೆ ಗಂಡಸ್ರೆಲ್ಲ ಸತ್ತೋದ್ರಾ ಅಂತಾರೆ. ಯಾರ್ ತಗಂಡ್ರೇನು, ಮನೇಗೇ ತಾನೇ ಬರಾದು."

ಗಂಡನನ್ನು ಕೇಳಿದಳು. ಚಿಕ್ಕಬೈರಪ್ಪ ಎತ್ತಿನ ಮೈ ತಿಕ್ಕುತ್ತ, ಅಪ್ಪ ಹೇಳುವುದೂ ಸರಿ, ನೀನು ಹೇಳುವುದೂ ಸರಿ ಎಂದ. ಅಡ್ಡಗೋಡೆಯ ಮೇಲೆ ದೀಪ ಇಡುವವರ ಮನೆಯಲ್ಲಿ ಒಳಗೂ ಕತ್ತಲೆ, ಹೊರಗೂ ಕತ್ತಲೆ. ಅವತ್ತು ಅಕ್ಕಯಮ್ಮನಿಗೆ ಮಾವನ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಈ ಸಾಧು ಮನುಷ್ಯನ ಮೇಲೆ ಬಂತು. ಕೆಟ್ಟವರನ್ನಾದರೂ ಬೈದು ಹಗುರಾಗಬಹುದು. ಸಾಧುಗಳನ್ನು ಬೈದರೆ ಬೈದವಳೇ ಕೆಟ್ಟವಳಾಗುತ್ತಾಳೆ.

ಬಹುಮಾನದ ದಿನ ಜಯನಗರದ ಒಂದು ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಅಕ್ಕಯಮ್ಮ ಹೋಗುವುದಿಲ್ಲ ಎಂದುಕೊಂಡಿದ್ದವಳು ಹೋದಳು. ತಾನು ಬರದಿದ್ದರೆ ಹೊಟ್ಟೆಕಿಚ್ಚು ಅನ್ನುತ್ತಾರೆ ಎಂಬುದೊಂದು. ಏನು ಹೇಳುತ್ತಾನೋ ಕೇಳಬೇಕು ಎಂಬುದಿನ್ನೊಂದು. ತೋಟದ ಹೆಂಗಸರ ಜೊತೆ ಹಿಂದೆ, ಹಾಸಿದ ಜಮಖಾನೆ ಮುಗಿದು ನೆಲ ಶುರುವಾಗುವ ಕಡೆ ಕೂತಳು. ವೇದಿಕೆಯ ಮೇಜಿನ ಮೇಲೆ ಜೋಡಿಸಿದ್ದ ಮೂಲಂಗಿ, ದಂಟು, ಸಬ್ಬಸಿಗೆ ಅವಳೇ ಅವತ್ತು ಬೆಳಿಗ್ಗೆ ಕಿತ್ತು ತೊಳೆದು ಕಳಿಸಿದ್ದು.

ರಾಮಯ್ಯ ಶಾಲು ಹೊದ್ದು, ಪದಕ ಎದೆಗೆ ಚುಚ್ಚಿಸಿಕೊಂಡು ಮಾತಾಡಿದ. ಮಾತಿಗೆ ಅವನು ಬಡವನಲ್ಲ. ಮೂಢನಂಬಿಕೆಯಲ್ಲಿ ಮುಳುಗಿದ್ದ ಊರಿಗೆ ತಾನು ಸರದಿ ಬಿತ್ತನೆ ತಂದೆನೆಂದ. ದೇವರ ಹೆಸರಿನಲ್ಲಿ ಅಡ್ಡ ಬಂದವರನ್ನು ತಿದ್ದಿದೆನೆಂದ. ನಮ್ಮ ಮನೆಯ ಹೆಂಗಸರಿಗೂ ವ್ಯಾಪಾರ ಕಲಿಸಿ ಬೀದಿಗೆ ಕಳಿಸಿ ಧೈರ್ಯ ತುಂಬಿದೆ ಎಂದ. ದೊಡ್ಡವರು ಚಪ್ಪಾಳೆ ತಟ್ಟಿದರು. ಕೂತಿದ್ದ ಅಕ್ಕಯಮ್ಮನ ಕೈ ನೆಲದ ಮಣ್ಣನ್ನು ಹಿಡಿಹಿಡಿಯಾಗಿ ಕಿತ್ತಿತು. ಅವಳು ಬೈಸಿಕೊಂಡ ಒಂದೊಂದು ಬೈಗುಳವನ್ನೂ ಅವನು ಹೂಮಾಲೆ ಮಾಡಿ ಹಾಕಿಕೊಳ್ಳುತ್ತಿದ್ದ. ಶ್ರಮ ಕದ್ದರೆ ಹೋಗಲಿ ಅನ್ನಬಹುದು. ತಿಂದ ಏಟನ್ನೂ ಕದಿಯುತ್ತಾನಲ್ಲ, ಎಂಥ ಜಾತಿಯ ಕಳ್ಳ ಇವನು ಎಂದು ಅವಳಿಗೆ ಅನ್ನಿಸಿತು.

ಸಭೆ ಮುಗಿದು ಜನ ಏಳುವಾಗ ಮೀನಾಕ್ಷಮ್ಮ ಎದುರಾದರು. ಅಕ್ಕಯಮ್ಮ ಅವರನ್ನು ತಡೆದು ನಿಲ್ಲಿಸಿ, ಅಮ್ಮಾವ್ರೆ, ದಿನಾ ಮರದ ಕೆಳಗೆ ನನ್ನ ಕೈಯಿಂದ ಸೊಪ್ಪು ತೆಗೆದುಕೊಳ್ಳುವ ನಿಮಗೂ ಗೊತ್ತಿರಲಿಲ್ಲವೇ ಎಂದು ಕೇಳಿದಳು. ಮೀನಾಕ್ಷಮ್ಮನವರ ಮುಖ ಸಣ್ಣದಾಯಿತು.

"ನಿನ್ನ ಹೆಸ್ರು ಹೇಳಿ ಅವರನ್ನ ಕಳಿಸ್ದೋಳೇ ನಾನು ಕಣೆ. ಅವರಿಗೂ ಗೊತ್ತಿತ್ತು. ನೀನೇ ಬಾಗಿಲಲ್ಲಿ ನಿಂತು ಒಪ್ಕೊಂಡ್ಯಂತೆ. ಒಪ್ಕೊಂಡ್ಮೇಲೆ ಅವರೇನ್ ಮಾಡ್ತಾರೆ?"

ಅಕ್ಕಯಮ್ಮ ಅವರಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು. ಗೊತ್ತಿದ್ದೇ ಕೇಳಿದರು. ಗೊತ್ತಿದ್ದೇ ಬರೆದುಕೊಂಡರು. ಹೌದೇನಮ್ಮ ಎಂದದ್ದು ಅವಳಿಗೊಂದು ಬಾಗಿಲು ತೆರೆದದ್ದೋ, ತಮ್ಮ ಕೈ ತೊಳೆದುಕೊಂಡದ್ದೋ ಆ ಗಂಗಾಧರಯ್ಯನಿಗೇ ಗೊತ್ತು. ಆದರೆ ಆ ಒಂದು ಸದ್ದು ಹೊರಟದ್ದು ಅವಳ ಗಂಟಲಿನಿಂದ. ಇನ್ನೊಬ್ಬರ ಮೇಲಿನ ಸಿಟ್ಟನ್ನು ಹೊತ್ತು ತಿರುಗಬಹುದು. ತನ್ನ ಮೇಲಿನ ಸಿಟ್ಟನ್ನು ಎಲ್ಲಿ ಇಳಿಸುವುದು? ಮನೆಗೆ ಹೋದವಳು ಬೀಸುತ್ತ ಕೂತಳು. ರಾಗಿ ಬೀಸುವ ಕಲ್ಲು ಬೇಡಬೇಡವೆಂದರೂ ತಿರುಗುತ್ತಲೇ ಇತ್ತು.

ರಾಮಯ್ಯ ಕಾಯಲಿಲ್ಲ. ಶಾಲಿನ ಮಡಿಕೆ ಮಾಸುವ ಮೊದಲೇ ಊರವರನ್ನು ಬಸವಣ್ಣನ ಗುಡಿಯ ಕಟ್ಟೆಗೆ ಕರೆದ. ತಾನೀಗ ಸಂಘದ ಅಧ್ಯಕ್ಷ, ಇನ್ನು ಬೀದಿಯಲ್ಲಿ ಹರಡಿಕೊಂಡು ಮಾರುವುದು ಸಂಘಕ್ಕೆ ಶೋಭೆಯಲ್ಲ, ಎಲ್ಲ ತೋಟದ ಸೊಪ್ಪೂ ಒಟ್ಟಾಗಿ ಮಂಡಿಗೆ ಹೋಗಬೇಕು, ಎಲ್ಲರ ಪರವಾಗಿ ತಾನೊಬ್ಬನೇ ಬೆಲೆ ಕುದುರಿಸುತ್ತೇನೆ ಎಂದ. ಮಂಡಿಯ ಸಾಹುಕಾರನನ್ನೂ ಅವತ್ತೇ ಕರೆಸಿದ್ದ. ಗಂಡಸರು ಕಟ್ಟೆಯ ಸುತ್ತ ಕೂತರು. ಬಿತ್ತಿ ಬೆಳೆದ ಹೆಂಗಸರು ಗುಡಿಯ ಗೋಡೆಯ ಪಕ್ಕದಲ್ಲಿ ನಿಂತರು. ಮೂರು ವರ್ಷ ಬೆವರು ಸುರಿಸಿ ಮಾಡಿದ್ದು ಒಂದು ಬೆಳಗಿನಲ್ಲಿ ಹೋಗಲಿದೆ ಎಂಬುದು ಅಕ್ಕಯಮ್ಮನಿಗೆ ಕಣ್ಣೆದುರಿಗೇ ಕಾಣುತ್ತಿತ್ತು. ಲಕ್ಷ್ಮಿದೇವಮ್ಮ ಪಿಸುದನಿಯಲ್ಲಿ, ಏನಾದರೂ ಮಾಡು ಎಂದಳು.

ಸಾಹುಕಾರ ಹೆಗಲ ಮೇಲಿನ ಟವೆಲ್ಲು ತೆಗೆದು ಹಾಸಿದ. ರಾಮಯ್ಯ ಕೈ ಚಾಚಿದ. ಬಟ್ಟೆಯ ಅಡಿಯಲ್ಲಿ ಕೈಗಳು ಅಲ್ಲಾಡಿದವು, ನಿಂತವು. ರಾಮಯ್ಯ ಕೈ ಒಳಗೇ ಇಟ್ಟುಕೊಂಡು ಊರವರ ಕಡೆ ತಿರುಗಿದ. "ನೂರ್ ಕಟ್ಟಿಗೆ ಮೂರು ರೂಪಾಯಿ ಅಂತವ್ರೆ. ಇದ್ರ ಮೇಲೆ ಒಂದ್ ಕಾಸೂ ಹುಟ್ಟಲ್ಲ. ಏನ್ ಹೇಳ್ತೀರಪ್ಪ?"

ಆ ಟವೆಲ್ಲನ್ನು ನೋಡುತ್ತಿದ್ದ ಅಕ್ಕಯಮ್ಮನಿಗೆ ಮಂಡಿಯ ನಗು ನೆನಪಾಯಿತೋ, ಶಾಮಿಯಾನದ ಚಪ್ಪಾಳೆ ನೆನಪಾಯಿತೋ ಹೇಳಲಾರೆ. ಅದರ ಅಡಿಯಲ್ಲಿ ಏನಿದೆ ಎಂದು ಅವಳಿಗೂ ಗೊತ್ತಿರಲಿಲ್ಲ. ಆ ಬಟ್ಟೆ ಕಣ್ಣೆದುರು ಇರಬಾರದು ಅನ್ನಿಸಿತು, ಅಷ್ಟೆ. ಗಂಡಸರ ನಡುವೆ ನುಗ್ಗಿ ಹೋದಳು, ಟವೆಲ್ಲಿನ ತುದಿ ಹಿಡಿದು ಎಳೆದಳು.

ಸಾಹುಕಾರನ ಮುಷ್ಟಿಯಲ್ಲಿ ರಾಮಯ್ಯನ ನಾಲ್ಕು ಬೆರಳುಗಳಿದ್ದವು.

ಅದನ್ನು ಓದಲು ಬಾರದವನು ಆ ಕಟ್ಟೆಯಲ್ಲಿ ಒಬ್ಬನೂ ಇರಲಿಲ್ಲ. ಬಾಯಲ್ಲಿ ಮೂರು, ಬೆರಳಲ್ಲಿ ನಾಲ್ಕು. ನೂರು ಕಟ್ಟಿಗೆ ಒಂದು ರೂಪಾಯಿ ಶಾಲಿನ ಒಳಗೆ ಹೋಗುತ್ತಿತ್ತು. ಇವತ್ತು ಶುರುವಾದದ್ದಲ್ಲ ಎಂಬುದೂ ಎಲ್ಲರಿಗೂ ಒಟ್ಟಿಗೇ ಹೊಳೆಯಿತು. ಇಸ್ತ್ರಿ ಅಂಗಿಯೂ ಹೋಟೆಲಿನ ದೋಸೆಯೂ ಇಷ್ಟು ವರ್ಷ ಯಾರ ಪಾತಿಯಿಂದ ಬಂದವು ಎಂದು ಅಕ್ಕಯಮ್ಮನಿಗೂ ಆಗಲೇ ಅರ್ಥವಾದದ್ದು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಈಗ ಊರು ರಾಮಯ್ಯನ ಕೊರಳಪಟ್ಟಿ ಹಿಡಿಯುತ್ತದೆ ಎಂದುಕೊಂಡಿರಾ? ಅವಳೂ ಹಾಗೇ ಅಂದುಕೊಂಡಿದ್ದಳು. ಆದರೆ ಒಬ್ಬ, ಏನೇ ಆಗಲಿ ಗಂಡಸರ ಟವೆಲ್ಲಿಗೆ ಹೆಂಗಸು ಕೈ ಹಾಕಬಹುದೇ ಎಂದ. ಇನ್ನೊಬ್ಬ ಹೌದೆಂದ. ಮಾತು ಆ ಕಡೆಗೆ ವಾಲಿದ್ದೇ ಎಲ್ಲರಿಗೂ ಜೀವ ಬಂತು. ತಮ್ಮದೇ ಮಕ್ಕಳ ಬಾಯಿಂದ ಕಿತ್ತ ನಾಲ್ಕನೆಯ ಬೆರಳನ್ನು ಅಷ್ಟು ಜನ ಗಂಡಸರು ನೋಡಿಯೂ ನುಂಗಿಕೊಂಡರು, ಒಬ್ಬ ಹೆಂಗಸು ಬಟ್ಟೆ ಎಳೆದದ್ದನ್ನು ನುಂಗಿಕೊಳ್ಳಲು ಅವರಿಗೆ ಆಗಲಿಲ್ಲ. ಕಳ್ಳನನ್ನು ಹಿಡಿದರೆ ತಾವು ಇಷ್ಟು ವರ್ಷ ಪೆದ್ದರಾಗಿದ್ದೆವೆಂದು ಒಪ್ಪಿಕೊಳ್ಳಬೇಕಾಗುತ್ತದೆ. ಹೆಂಗಸನ್ನು ಹಿಡಿದರೆ ಆ ತೊಂದರೆ ಇಲ್ಲ. ಇದನ್ನು ಬರೆಯುವಾಗಲೂ ನನ್ನ ರಕ್ತ ಕುದಿಯುತ್ತದೆ.

ತಿಮ್ಮರಾಯಪ್ಪ ಎದ್ದು ನಿಂತ. ಮಗನ ಕಡೆ ಒಂದು ಸಲವೂ ನೋಡಲಿಲ್ಲ. ಮನೆಯ ಮಾನ ಮೂರು ಕಾಸಿಗೆ ಹರಾಜಾಯಿತು ಎಂದ. ಊರ ಪದ್ಧತಿಯಂತೆ ಅ‌ವಳು ಬಸವಣ್ಣನ ಮುಂದೆ ಕಾಯಿ ಒಡೆದು, ಸಾಹುಕಾರರ ಎದುರಿಗೆ ತಪ್ಪಾಯಿತು ಎನ್ನಬೇಕು, ಇಲ್ಲದಿದ್ದರೆ ತನ್ನ ಮನೆಯ ಹೊಸಿಲು ತುಳಿಯಬಾರದು ಎಂದು ತೀರ್ಪು ಕೊಟ್ಟ. ಉಳಿದವರು ಹೂಂಗುಟ್ಟಿದರು. ಚಿಕ್ಕಬೈರಪ್ಪನಿಗೆ, ಹೋಗಿ ಮನೆಯಿಂದ ಕಾಯಿ ತಾ ಎಂದರು. ಅವನು ತಲೆ ತಗ್ಗಿಸಿಕೊಂಡು ಹೋಗಿ ತಂದ. ಹೆಂಡತಿಯ ಕೈಗೆ ಕೊಡುವಾಗಲೂ ತಲೆ ಎತ್ತಲಿಲ್ಲ.

ಅಕ್ಕಯಮ್ಮ ಕಾಯಿ ತೆಗೆದುಕೊಂಡು ಬಸವಣ್ಣನ ಮುಂದಿನ ಕಲ್ಲಿನ ಹತ್ತಿರ ನಿಂತಳು. ತಲೆಯ ಮೇಲಿನ ಸೆರಗು ಜಾರಿತ್ತು, ಸರಿಮಾಡಿಕೊಳ್ಳಲಿಲ್ಲ. ಮಾವನ ಮುಖವನ್ನು ಮದುವೆಯಾಗಿ ಬಂದ ಮೇಲೆ ಮೊದಲ ಸಲ ನೇರವಾಗಿ ನೋಡಿದಳು. ಅದು ಮುದಿಯಾಗಿದೆ, ಹೆದರಿದೆ ಎಂದು ಕಂಡಿತು. ಆದರೂ ಅವಳಿಗೆ ಕನಿಕರ ಬರಲಿಲ್ಲ.

"ತಪ್ಪಾಯ್ತು" ಎಂದಳು. ಜಯನಗರದ ಬೀದಿಯಲ್ಲಿ ಕೂಗುವ ಅದೇ ಗಂಟಲು. "ಅವತ್ತು ಆ ಸ್ವಾಮಿಗಳು ಮನೆಗ್ ಬಂದು ಕೇಳ್ದಾಗ, ಬಾಗ್ಲ್ ಹಿಂದೆ ನಿಂತ್ಕಂಡು ಹೂಂ ಅಂದ್ನಲ್ಲ, ಅದು ನನ್ ತಪ್ಪು. ಬೆಳೆದೋಳು ನಾನು, ಮಾರಿದೋಳು ನಾನು, ಬೈಸ್ಕಂಡೋಳು ನಾನು. ಬಾಯಿದ್ದೂ ಹೇಳ್ನಿಲ್ಲ. ಅದಕ್ಕೆ ಕಾಯಿ ಒಡೀತಾ ಇವ್ನಿ. ಟವೆಲ್ ಎಳ್ದಿದ್ದಕ್ಕಲ್ಲ. ಇನ್ನೊಂದ್ಸಲ ಹಾಸಿದ್ರೆ ಇನ್ನೊಂದ್ಸಲ ಎಳೀತೀನಿ."

ಕಾಯಿ ಒಂದೇ ಏಟಿಗೆ ಎರಡಾಯಿತು. ನೀರು ಕಲ್ಲಿನ ಮೇಲೆ ಚೆಲ್ಲಿ ಅವಳ ಕಾಲು ನೆನೆಯಿತು. ಸಾಹುಕಾರ ತನ್ನ ಟವೆಲ್ಲನ್ನು ನೆಲದಿಂದ ಎತ್ತಿ ಕೊಡವಿ, ಇದು ಮರ್ಯಾದಸ್ಥರ ಊರಲ್ಲ ಎಂದು ಗಾಡಿ ಕಡೆ ನಡೆದ. ಯಾರೂ ಅವನನ್ನು ತಡೆಯಲಿಲ್ಲ. ಹೋಗಬೇಡಿ ಎನ್ನಲು ರಾಮಯ್ಯ ಎದ್ದವನು, ಸುತ್ತಲಿನ ಕಣ್ಣುಗಳನ್ನು ನೋಡಿ ಮತ್ತೆ ಕೂತ. ಪದಕ ಎದೆಯ ಮೇಲೆ ವಾರೆಯಾಗಿ ನೇತಾಡುತ್ತಿತ್ತು. ಅದು ಮುಂದೆಯೂ ಅವನ ಹತ್ತಿರವೇ ಉಳಿಯಿತು. ಆ ಸಮಿತಿಯವರು ಒಮ್ಮೆ ಬರೆದ ಹೆಸರನ್ನು ತಿದ್ದುವ ಗೋಜಿಗೆ ಹೋಗಲಿಲ್ಲ.

ಗಂಡಸರು ಗೊಣಗುತ್ತಿದ್ದರು. ಮುಂದೇನು ಎಂದು ಯಾರಿಗೂ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಆಗ ಗೋಡೆಯ ಪಕ್ಕದಿಂದ ಲಕ್ಷ್ಮಿದೇವಮ್ಮ ಒಂದು ಹೆಜ್ಜೆ ಮುಂದೆ ಬಂದಳು. ಅವಳ ಗಂಡ ಕಟ್ಟೆಯ ಮೇಲೆ ಕೂತು ಅವಳನ್ನೇ ದುರುಗುಟ್ಟಿ ನೋಡುತ್ತಿದ್ದ. ಅವಳು ಅವನ ಕಡೆ ನೋಡಲಿಲ್ಲ, ಅಧ್ಯಕ್ಷನ ಕಡೆಯೂ ನೋಡಲಿಲ್ಲ. ಎಲ್ಲರಿಗೂ ಕೇಳುವ ಹಾಗೆ ಕೇಳಿದಳು.

"ಅಕ್ಕಯ್ಯ, ನಾಳೆ ಬಿತ್ತನೆ ಸರದಿ ಯಾರ್ದು?"

ಅಕ್ಕಯಮ್ಮನ ಕೈಯಲ್ಲಿ ಕಾಯಿಯ ಹೋಳುಗಳಿದ್ದವು. ಕಣ್ಣು ತುಂಬಿ ಬಂತು, ಆದರೆ ದನಿಯಲ್ಲಿ ಸಿಟ್ಟು ಇಳಿದಿರಲಿಲ್ಲ.

"ನಿನ್ದೇ. ಕೊತ್ತಂಬ್ರಿ ಬೀಜ ಉಜ್ಜಿ ಹೋಳ್ ಮಾಡಿದೀಯಾ?"

"ಇಲ್ಲ ಕಣಕ್ಕ."

"ಮತ್ತೆ ಇಲ್ಲೇನ್ ನೋಡ್ತಾ ನಿಂತಿದೀಯ? ಹೋಗಿ ಉಜ್ಜೋಗು."

ಲಕ್ಷ್ಮಿದೇವಮ್ಮ ಹೊರಟಳು. ಅವಳ ಹಿಂದೆ ಇನ್ನೊಬ್ಬಳು ಬಂದು, ತನ್ನ ಮೆಂತ್ಯ ಇನ್ನೆರಡು ದಿನ ಬಿಟ್ಟು ಕೀಳಲೋ ಈಗಲೇ ಕೀಳಲೋ ಎಂದು ಅಕ್ಕಯಮ್ಮನನ್ನು ಕೇಳಿದಳು. ಮತ್ತೊಬ್ಬಳು ದಂಟಿನ ವಿಷಯ ತೆಗೆದಳು. ಹೀಗೆ ಒಬ್ಬೊಬ್ಬರೂ ಕೇಳಿ, ಬೈಸಿಕೊಂಡು, ತೋಟದ ಕಡೆಗೆ ನಡೆದರು. ರಾಮಯ್ಯ ಶಾಲು ಹೊದ್ದು ಕಟ್ಟೆಯ ಮೇಲೆ ಕೂತೇ ಇದ್ದ. ಅವನನ್ನು ಯಾರೂ ಏನೂ ಕೇಳಲಿಲ್ಲ.